ಬ್ಯಾಂಕುಗಳ ತವರಿನಲ್ಲಿ ಮಕ್ಕಳ ಪಾಲು

ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿತು. ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ನಮ್ಮ ಜಿಲ್ಲೆಯ ಬ್ಯಾಂಕುಗಳ ಚರಿತ್ರೆಯನ್ನು ಕುರಿತು ಒಂದು ಲೇಖನ ಬೇಕು ಎಂದು ಸಂಪಾದಕ ಸಮಿತಿಯವರು ಕೇಳಿದಾಗ, ಇದರಲ್ಲೇನು ಮಹಾ ಕಷ್ಟ ಅಂತ ಒಪ್ಪಿಕೊಂಡುಬಿಟ್ಟೆವು. ಯಾವ ಬ್ಯಾಂಕು ಯಾವ ಇಸವಿಯಲ್ಲಿ ಹುಟ್ಟಿತು, ಯಾರು ಕಟ್ಟಿದರು, ಯಾವಾಗ ರಾಷ್ಟ್ರೀಕರಣವಾಯಿತು, ಇಷ್ಟು ಬರೆದರೆ ನಾಲ್ಕು ಪುಟ ತುಂಬುತ್ತದಲ್ಲ ಎಂಬುದು ನಮ್ಮ ಲೆಕ್ಕ. ಆದರೆ ಹಳೆಯ ಸಂಗತಿಗಳನ್ನು ಕೆದಕುತ್ತಾ ಹೋದ ಹಾಗೆ ಒಂದು ಮಾತು ಮತ್ತೆ ಮತ್ತೆ ಎದುರಿಗೆ ಬಂದು ನಿಂತಿತು. ನಮ್ಮ ಕರಾವಳಿಯಲ್ಲಿ ಹಣದ ಸಂಸ್ಥೆ ಕಟ್ಟಿದವರೂ ಮಕ್ಕಳ ಶಾಲೆ ಕಟ್ಟಿದವರೂ ಹೆಚ್ಚಾಗಿ ಒಂದೇ ಜನ. ಹೀಗಾಗಿ ಬ್ಯಾಂಕುಗಳ ಚರಿತ್ರೆ ಬರೆಯಲು ಕೂತವರು ಮಕ್ಕಳ ಚರಿತ್ರೆ ಬರೆಯಬೇಕಾಯಿತು. ಓದುಗ ಬಂಧುಗಳು ಮನ್ನಿಸಬೇಕು.

ಸಂಘದ ಕೌಂಟರಿನ ಹಿಂದೆ ಒಂದು ಜೂನ್ ತಿಂಗಳು ಕೂತು ನೋಡಿದವರಿಗೆ ಇದು ಹೊಸದೇನೂ ಅಲ್ಲ. ಹೊರಗೆ ಮಳೆ ಹೊಡೆಯುತ್ತಿರುತ್ತದೆ. ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಗದ್ದೆ ಕೆಲಸಕ್ಕೆ ಕೈಯಿಂದ ಹಾಕುವ ಕಾಲವೇ ಹೊರತು ಕೈಗೆ ಬರುವ ಕಾಲ ಅಲ್ಲ. ಅದೇ ಹೊತ್ತಿಗೆ ಶಾಲೆ ಶುರು. ಕೊಡೆ ಬೇಕು, ಚೀಲ ಬೇಕು, ಪುಸ್ತಕ ಬೇಕು, ಮೇಲಿನ ತರಗತಿಯಾದರೆ ಫೀಸೂ ಬೇಕು. ತಾಯಂದಿರು ಸೆರಗಿನ ಗಂಟು ಬಿಚ್ಚಿ ಬಳೆಯನ್ನೋ ಕಿವಿಯ ಓಲೆಯನ್ನೋ ಮೇಜಿನ ಮೇಲೆ ಇಡುತ್ತಾರೆ. ಸಾಲದ ಉದ್ದೇಶ ಎಂಬ ಕಾಲಂನಲ್ಲಿ ನಾವು 'ಗೃಹಕೃತ್ಯ' ಅಂತ ಬರೆದುಕೊಳ್ಳುತ್ತೇವೆ. ನಿಜವಾದ ಉದ್ದೇಶ ಐದನೇ ಕ್ಲಾಸು, ಎಂಟನೇ ಕ್ಲಾಸು. ಅದನ್ನು ಬರೆಯಲು ನಮ್ಮ ಲೆಡ್ಜರಿನಲ್ಲಿ ಕಾಲಂ ಇಲ್ಲ.

ಮೊದಲು ಶಾಲೆ, ಆಮೇಲೆ ಬ್ಯಾಂಕು

ಕಥೆ ಮಂಗಳೂರಿನಿಂದ ಶುರುವಾಗುತ್ತದೆ. ಅಂದಿನ ದಕ್ಷಿಣ ಕನ್ನಡ ಮದರಾಸು ಆಧಿಪತ್ಯದ ಒಂದು ಮೂಲೆಯ ಜಿಲ್ಲೆ. ಹಿಂದೆ ಘಟ್ಟ, ಮುಂದೆ ಕಡಲು, ನಡುವೆ ದಾಟಲಾಗದ ಹೊಳೆಗಳು. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಇಂಥ ಊರಿನಲ್ಲಿ ವಕೀಲಿ ಮಾಡಿಕೊಂಡಿದ್ದವರು ಅಮ್ಮೆಂಬಳ ಸುಬ್ಬರಾವ್ ಪೈಗಳು. 1852ರಲ್ಲಿ ಮೂಲ್ಕಿಯಲ್ಲಿ ಹುಟ್ಟಿದವರು. ಕೈತುಂಬ ಕಕ್ಷಿಗಾರರಿದ್ದ ವಕೀಲರಿಗೆ ಶಾಲೆಯ ಗೊಡವೆ ಯಾಕೆ ಬೇಕಿತ್ತು ಅಂತ ನಾವು ಇಂದು ಕೇಳಬಹುದು. ಆದರೆ ಅವರು 1891ರಲ್ಲಿ ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು. ಮೂರೇ ವರ್ಷದಲ್ಲಿ, 1894ರಲ್ಲಿ, ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ಕೆನರಾ ಗರ್ಲ್ಸ್ ಹೈಸ್ಕೂಲನ್ನೂ ತೆರೆದರು. ಹೆಣ್ಣುಮಗಳು ಸ್ಲೇಟು ಹಿಡಿದು ಬೀದಿಗೆ ಬಂದರೆ ನೆರೆಹೊರೆಯವರು ನಗುತ್ತಿದ್ದ ಕಾಲ ಅದು.

ಬ್ಯಾಂಕು ಹುಟ್ಟಿದ್ದು ಇದಾದ ಮೇಲೆ. 1906ರ ಜುಲೈ 1ರಂದು ಅದೇ ಸುಬ್ಬರಾವ್ ಪೈಗಳು 'ಕೆನರಾ ಹಿಂದೂ ಪರ್ಮನೆಂಟ್ ಫಂಡ್' ಎಂಬ ನಿಧಿಯನ್ನು ಆರಂಭಿಸಿದರು. ಪೈಗಳು 1909ರಲ್ಲಿ ತೀರಿಕೊಂಡರು. ಮರುವರ್ಷ, 1910ರಲ್ಲಿ, ಆ ಫಂಡು ಕೆನರಾ ಬ್ಯಾಂಕ್ ಎಂದು ಹೆಸರು ಬದಲಿಸಿಕೊಂಡಿತು. ಇಸವಿಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಿ: 1891, 1894, 1906. ಶಾಲೆ ಮೊದಲು, ಬ್ಯಾಂಕು ಆಮೇಲೆ. ಲಾಭ ಬಂದ ಮೇಲೆ ಅದರಲ್ಲಿ ಸ್ವಲ್ಪ ಮಕ್ಕಳಿಗೆ ಕೊಡೋಣ ಎಂಬ ಯೋಚನೆಯಿಂದ ಹುಟ್ಟಿದ ಸಂಸ್ಥೆ ಇದಲ್ಲ. ಮಕ್ಕಳ ಕೆಲಸ ಮಾಡುತ್ತಿದ್ದವರು ಊರಿಗೆ ಒಂದು ಹಣದ ಆಸರೆಯೂ ಬೇಕು ಎಂದು ಕಂಡುಕೊಂಡು ಕಟ್ಟಿದ್ದು.

ಸ್ಥಾಪಕರ ತತ್ವಗಳು ಎಂದು ಆ ಬ್ಯಾಂಕು ಇಂದಿಗೂ ಹೇಳಿಕೊಳ್ಳುವ ಮಾತುಗಳಲ್ಲೂ ಈ ಕ್ರಮವೇ ಕಾಣುತ್ತದೆ. ಮೂಢನಂಬಿಕೆ ಮತ್ತು ಅಜ್ಞಾನವನ್ನು ತೊಲಗಿಸುವುದು ಮೊದಲನೆಯದು. ಅದಕ್ಕಾಗಿ ಎಲ್ಲರಿಗೂ ವಿದ್ಯೆ ಹರಡುವುದು ಎರಡನೆಯದು. ಮಿತವ್ಯಯ, ಉಳಿತಾಯ ಎಂಬ ಬ್ಯಾಂಕಿನ ಮಾತು ಬರುವುದು ಮೂರನೆಯದಾಗಿ. ಸಂಸ್ಥೆಯು ಸಮಾಜದ ಆರ್ಥಿಕ ಹೃದಯವಾಗುವುದರ ಜೊತೆಗೆ ಸಾಮಾಜಿಕ ಹೃದಯವೂ ಆಗಬೇಕು ಎಂಬುದು ನಂತರದ್ದು. ನಮ್ಮ ಸಂಘದ ಉಪನಿಯಮಗಳನ್ನು ತೆಗೆದು ನೋಡಿದರೆ ಠೇವಣಿ, ಸಾಲ, ಗೊಬ್ಬರ, ಪಡಿತರ ಎಲ್ಲ ಮುಗಿದು ಕಟ್ಟಕಡೆಗೆ ಒಂದು ಸಾಲಿನಲ್ಲಿ ವಿದ್ಯೆಯ ಪ್ರಸ್ತಾಪ ಬರುತ್ತದೆ. ಹಿರಿಯರ ಪಟ್ಟಿ ನಮ್ಮ ಪಟ್ಟಿಗೆ ತಲೆಕೆಳಗು!

ಮೂವತ್ತೆಂಟು ರೂಪಾಯಿಯ ಬ್ಯಾಂಕು

ಅದೇ 1906ರಲ್ಲಿ, ಕೆಲವೇ ತಿಂಗಳು ಮೊದಲು, ಉಡುಪಿಯಲ್ಲಿ ಇನ್ನೊಂದು ದೀಪ ಹತ್ತಿತ್ತು. ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಮಾರ್ಚ್ 12ರಂದು 'ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್' ಎಂಬ ನಿಧಿಯನ್ನು 5000 ರೂಪಾಯಿ ಬಂಡವಾಳದಲ್ಲಿ ಆರಂಭಿಸಿದರು. ಮೊದಲ ದಿನದ ಕೊನೆಗೆ ಅದರಲ್ಲಿ ಜಮೆಯಾದ ಹಣ 38 ರೂಪಾಯಿ 13 ಆಣೆ 2 ಪೈ. ಇದೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. ನಮ್ಮ ಸಂಘದ ಮೊದಲ ದಿನದ ಜಮೆ ಎಷ್ಟು ಅಂತ ನೆನಪಿಸಿಕೊಂಡು ನಗುವ ಹಿರಿಯ ಸದಸ್ಯರು ಈ ಲೆಕ್ಕ ಕೇಳಿ ಸಮಾಧಾನ ಪಡಬಹುದು.

ಆ ವರ್ಷ ಜನರಿಗೆ ಹಣದ ಸಂಸ್ಥೆಗಳ ಮೇಲೆ ನಂಬಿಕೆ ಬರುವಂಥ ವರ್ಷವೂ ಆಗಿರಲಿಲ್ಲ. ಅಕ್ಟೋಬರಿನಲ್ಲಿ ಮದರಾಸಿನ ಆರ್ಬುತ್‌ನಾಟ್ ಎಂಬ ದೊಡ್ಡ ಇಂಗ್ಲಿಷ್ ಕಂಪೆನಿ ಮುಳುಗಿ, ಇಡೀ ಆಧಿಪತ್ಯದಲ್ಲಿ ಸಾವಿರಾರು ಜನ ಹಣ ಕಳೆದುಕೊಂಡರು. ಅಂಥ ಹೊತ್ತಿನಲ್ಲಿ ನಮ್ಮ ಸಣ್ಣ ನಿಧಿಗಳು ನಿಂತವು. ಯಾಕೆ ನಿಂತವು ಎಂಬುದಕ್ಕೆ ಪಂಡಿತರು ನೂರು ಕಾರಣ ಕೊಡಬಹುದು. ನಮಗೆ ತೋಚುವ ಕಾರಣ ಒಂದೇ. ಇವುಗಳನ್ನು ನಡೆಸುವವರ ಮುಖ ಊರಿನವರಿಗೆ ಬೇರೆ ಕೆಲಸಗಳಿಂದ ಪರಿಚಯವಿತ್ತು. ಮಗನಿಗೆ ಶಾಲೆ ಕಟ್ಟಿಸಿಕೊಟ್ಟವರ ಕೈಯಲ್ಲಿ ಅಪ್ಪ ತನ್ನ ಹಣ ಇಟ್ಟ.

ಹಾಜಿ ಅಬ್ದುಲ್ಲಾ ಸಾಹೇಬರು ಕೊಟ್ಟ ಜಾಗದಲ್ಲಿ ಉಡುಪಿಯ ಸರಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ಬೆಳೆಯಿತು. ಇಂದಿಗೂ ಆ ಆಸ್ಪತ್ರೆಯ ಹೆಸರಿನಲ್ಲಿ ಅವರ ಹೆಸರು ಉಂಟು. ಮಕ್ಕಳ ಏಳಿಗೆ ಎಂದರೆ ಅಕ್ಷರ ಮಾತ್ರ ಅಲ್ಲ, ಮಗು ಮೊದಲು ಬದುಕಿ ಉಳಿಯಬೇಕು. ನಮ್ಮ ಊರುಗಳಿಂದ ಗಾಡಿಯಲ್ಲಿ, ದೋಣಿಯಲ್ಲಿ, ಆಮೇಲೆ ಬಸ್ಸಿನಲ್ಲಿ ಹೆರಿಗೆಗೆ ಹೋದ ಅದೆಷ್ಟೋ ಅಜ್ಜಿಯಂದಿರಿಗೆ ಅಲ್ಲಿನ ಹಾಸಿಗೆ ಒಬ್ಬ ಬ್ಯಾಂಕು ಸ್ಥಾಪಕನ ಜಾಗದಲ್ಲಿದೆ ಎಂಬುದು ಗೊತ್ತಿರಲಿಲ್ಲ. ಗೊತ್ತಾಗಬೇಕು ಅಂತ ಯಾರೂ ಹೇಳಲೂ ಇಲ್ಲ.

ಎರಡಾಣೆಯ ಮಹಿಮೆ

ಉಡುಪಿಯ ಮೂರನೆಯ ಕಥೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದೇ. 1925ರಲ್ಲಿ ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ ಮತ್ತು ಡಾಕ್ಟರ್ ಟಿ.ಎಂ.ಎ. ಪೈ, ಈ ಮೂವರು ಸೇರಿ 8000 ರೂಪಾಯಿ ಬಂಡವಾಳದಲ್ಲಿ 'ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್' ಶುರು ಮಾಡಿದರು. ಕೈಮಗ್ಗದ ಕಸುಬು ಬಿದ್ದುಹೋಗಿ ನೇಕಾರರು ಕಂಗಾಲಾಗಿದ್ದರು. ಅವರಿಗೆ ಆಸರೆ ಕೊಡುವುದೇ ಮೊದಲ ಉದ್ದೇಶ. ಇದೇ ಮುಂದಿನ ಸಿಂಡಿಕೇಟ್ ಬ್ಯಾಂಕ್. ನಾಯಿಯ ಚಿತ್ರದ ಬೋರ್ಡಿನ ಬ್ಯಾಂಕು ಅಂದರೆ ಅಕ್ಷರ ಬಾರದ ಮಕ್ಕಳಿಗೂ ಗುರುತು ಸಿಗುತ್ತಿತ್ತು!

1928ರಲ್ಲಿ ಈ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನ ಮನುಷ್ಯ ಮನೆ ಬಾಗಿಲಿಗೆ ಬಂದು ಇಸಕೊಂಡು ಬರೆದುಕೊಂಡು ಹೋಗುತ್ತಾನೆ. ಎಂಟು ದಿನಕ್ಕೆ ಒಂದು ರೂಪಾಯಿ. ಕೇಳಲು ಮಕ್ಕಳ ಲೆಕ್ಕದ ಹಾಗಿದೆ. ಆದರೆ ಇದರ ಹಿಂದಿನ ತಿಳಿವು ದೊಡ್ಡದು. ಬಡವನಿಗೆ ಹಣ ಇಲ್ಲ ಎಂಬುದು ಅರ್ಧ ಸತ್ಯ. ಅವನ ಕೈಯಲ್ಲಿ ದಿನಾ ಸಂಜೆ ಸ್ವಲ್ಪ ಹಣ ಇರುತ್ತದೆ, ಬೆಳಗಾಗುವಷ್ಟರಲ್ಲಿ ಇರುವುದಿಲ್ಲ. ಬ್ಯಾಂಕಿನ ಬಾಗಿಲು ತೆರೆದಿರುವ ಹೊತ್ತು ಅವನು ಗದ್ದೆಯಲ್ಲೋ ಮಗ್ಗದಲ್ಲೋ ಇರುತ್ತಾನೆ. ಆದ್ದರಿಂದ ಅವನು ಬ್ಯಾಂಕಿಗೆ ಬರುವ ಬದಲು ಬ್ಯಾಂಕೇ ಅವನಲ್ಲಿಗೆ ಹೋಗಬೇಕು, ಅದೂ ದಿನಾ ಹೋಗಬೇಕು. ಮೀನು ಮಾರುವ ಹೆಂಗಸು, ಗೂಡಂಗಡಿಯವನು, ಬೀಡಿ ಕಟ್ಟುವವಳು, ದರ್ಜಿ, ಇವರೆಲ್ಲ ಠೇವಣಿದಾರರು ಎಂಬ ಮರ್ಯಾದೆಯ ಹೆಸರು ಪಡೆದದ್ದು ಹೀಗೆ.

ನಾವು ಚಿಕ್ಕವರಿದ್ದಾಗ ಸಂಜೆಯ ಹೊತ್ತಿಗೆ ಪಿಗ್ಮಿಯವರು ಬಗಲಿಗೆ ಚೀಲ ಹಾಕಿಕೊಂಡು ಬರುತ್ತಿದ್ದರು. ಅಮ್ಮ ಅಡುಗೆಮನೆಯ ಡಬ್ಬಿಯಿಂದ ನಾಣ್ಯ ತೆಗೆದು ನಮ್ಮ ಕೈಯಲ್ಲೇ ಕೊಡಿಸುತ್ತಿದ್ದಳು. ಅವರು ಕಾರ್ಡಿನಲ್ಲಿ ಬರೆಯುವುದನ್ನು ನಾವು ಬಗ್ಗಿ ನೋಡುತ್ತಿದ್ದೆವು. ಕೂಡಿಸುವ ಲೆಕ್ಕ ಶಾಲೆಗಿಂತ ಮೊದಲು ಬಂದದ್ದು ಆ ಕಾರ್ಡಿನಿಂದ. "ಇದು ಯಾರದ್ದು ಗೊತ್ತುಂಟಾ? ನಿನ್ನ ಹೈಸ್ಕೂಲಿನದ್ದು" ಅಂತ ಅಮ್ಮ ಹೇಳುತ್ತಿದ್ದಳು. ಇಂಥ ಮಾತು ಕೇಳಿ ಬೆಳೆದವರು ನಮ್ಮ ಸದಸ್ಯರಲ್ಲಿ ಬಹಳ ಜನ ಇದ್ದಾರೆ. ಬ್ಯಾಂಕಿನ ವರದಿಗಳಲ್ಲಿ ಇದಕ್ಕೆ 'ಮಕ್ಕಳ ಅಭಿವೃದ್ಧಿ ಕಾರ್ಯಕ್ರಮ' ಎಂಬ ಹೆಸರು ಸಿಗುವುದಿಲ್ಲ. ಆದರೆ ಕರಾವಳಿಯ ಮಕ್ಕಳ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರ್ಯಕ್ರಮ ನಡೆದಿಲ್ಲ ಎಂದರೆ ಅತಿಶಯೋಕ್ತಿಯಾಗಲಾರದು.

ಡಾಕ್ಟರ್ ಪೈಗಳು ಅಲ್ಲಿಗೇ ನಿಲ್ಲಲಿಲ್ಲ. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಕಟ್ಟಿದರು. ಕಸುಬಿನ ತರಬೇತಿಯಿಂದ ಶುರುವಾದ ಈ ಸಂಸ್ಥೆ ಮುಂದೆ ಅನೇಕ ಶಾಲೆ ಕಾಲೇಜುಗಳನ್ನು ತೆರೆಯಿತು. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಬಂತು. ಮಣಿಪಾಲದ ಇಂದಿನ ಫೀಸು ನಮ್ಮಂಥವರಿಗೆ ಎಟಕುವುದಿಲ್ಲ ಎಂಬ ಮಾತು ಬೇರೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಬೋಳು ಗುಡ್ಡದ ಮೇಲೆ ಒಬ್ಬ ಡಾಕ್ಟರರು ಒಂದು ಕೈಯಲ್ಲಿ ಬ್ಯಾಂಕನ್ನೂ ಇನ್ನೊಂದು ಕೈಯಲ್ಲಿ ಶಾಲೆಯನ್ನೂ ಹಿಡಿದುಕೊಂಡು ಹೊರಟರು ಎಂಬುದಷ್ಟೇ ನಮ್ಮ ಮಾತು.

ಇವುಗಳ ನಡುವೆ 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ಎ.ಬಿ. ಶೆಟ್ಟರ ಮುಂದಾಳುತನದಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಒಂದೇ ಜಿಲ್ಲೆಯ ಐದು ಬ್ಯಾಂಕುಗಳು ದೇಶವಿಡೀ ಹರಡಿದವು.

ಸಹಕಾರಿಗಳು ಹಿಂದೆ ಬಿದ್ದಿರಲಿಲ್ಲ

ಬ್ಯಾಂಕಿನವರ ಮಾತಾಯಿತು, ನಮ್ಮವರು ಏನು ಮಾಡಿದರು ಅಂತ ಸಹಕಾರಿ ಬಂಧುಗಳು ಕೇಳಬಹುದು. ದೇಶದಲ್ಲಿ ಮೊದಲ ಸಹಕಾರಿ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿ ನಾಡಿಗೆ ದಾರಿ ತೋರಿಸಿದರು. ನಮ್ಮ ಜಿಲ್ಲೆಯಲ್ಲಿ ಆ ದಾರಿಯನ್ನು ಅಗಲ ಮಾಡಿದವರು ಪುತ್ತೂರಿನ ಮೊಳಹಳ್ಳಿ ಶಿವರಾಯರು. ಸಹಕಾರ ಪಿತಾಮಹ ಎಂದು ನಾವು ಪ್ರತಿ ಸಭೆಯಲ್ಲೂ ಅವರ ಫೋಟೋಕ್ಕೆ ಹಾರ ಹಾಕುತ್ತೇವೆ. ನೂರು ವರ್ಷ ದಾಟಿದ ನಮ್ಮ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಅವರ ಕೈಯಿಂದಲೇ ಪುತ್ತೂರಿನಲ್ಲಿ ಹುಟ್ಟಿದ್ದು. ಪುತ್ತೂರಿಗೆ ಹೈಸ್ಕೂಲು ಬರುವುದಕ್ಕೂ ಅವರದೇ ಓಡಾಟ. ಮಕ್ಕಳಿಗಾಗಿ ಬಾಲವನದಲ್ಲಿ ಪ್ರಯೋಗ ನಡೆಸಿದ ಶಿವರಾಮ ಕಾರಂತರಿಗೆ ಪುತ್ತೂರಿನಲ್ಲಿ ಸಿಕ್ಕ ದೊಡ್ಡ ಒಡನಾಡಿಯೂ ಅವರೇ. ಇಲ್ಲಿಯೂ ಅದೇ ಕಥೆ ನೋಡಿ. ಸಾಲದ ಪುಸ್ತಕ, ಶಾಲೆಯ ಪುಸ್ತಕ, ಎರಡೂ ಒಂದೇ ಬಗಲಲ್ಲಿ.

ಇನ್ನೊಂದು ಸಂಗತಿ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 1912ರ ಸಹಕಾರಿ ಕಾಯ್ದೆಯಲ್ಲೇ, ಅಂದರೆ ಬ್ರಿಟಿಷರ ಕಾಲದಲ್ಲೇ, ಒಂದು ಅವಕಾಶ ಬರೆದಿಟ್ಟಿದ್ದರು. ಸಂಘವು ನಿವ್ವಳ ಲಾಭದಲ್ಲಿ ಮೊದಲು ಕಾಲುಭಾಗವನ್ನು ಆಪದ್ಧನಕ್ಕೆ ತೆಗೆದಿಡಬೇಕು. ಉಳಿದದ್ದರಲ್ಲಿ ನೂರಕ್ಕೆ ಹತ್ತರಷ್ಟನ್ನು ಮೀರದಂತೆ, ರಿಜಿಸ್ಟ್ರಾರರ ಒಪ್ಪಿಗೆ ಪಡೆದು, ಧರ್ಮಕಾರ್ಯಕ್ಕೆ ಕೊಡಬಹುದು. ಧರ್ಮಕಾರ್ಯ ಎಂದರೆ ದೇವಸ್ಥಾನದ ಕಳಸ ಅಂತ ತಿಳಿಯಬೇಡಿ. ಕಾಯ್ದೆಯ ಅರ್ಥದಲ್ಲಿ ಬಡವರ ನೆರವು, ವಿದ್ಯೆ, ವೈದ್ಯಕೀಯ ನೆರವು, ಸಾರ್ವಜನಿಕರ ಹಿತ. ವಿದ್ಯೆ ಎಂಬ ಶಬ್ದ ಕಾಯ್ದೆಯೊಳಗೇ ಉಂಟು. ಲಾಭ ಹಂಚುವಾಗ ಡಿವಿಡೆಂಡಿನ ಜೊತೆಗೇ ಮಕ್ಕಳನ್ನೂ ಕೂರಿಸಬಹುದು ಎಂದು ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ಒಪ್ಪಿಯಾಗಿದೆ.

ಮಹಾಸಭೆಯಲ್ಲಿ ಸದಸ್ಯರು ಕೇಳುವ ಒಂದು ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇವೆ. "ವರ್ಷಾ ವರ್ಷಾ ಸಹಕಾರ ಶಿಕ್ಷಣ ನಿಧಿ ಅಂತ ಕಟ್ತೇವಲ್ಲ, ಅದು ಮಕ್ಕಳಿಗೆ ಹೋಗುವುದಲ್ವಾ?" ಅಲ್ಲ ಮಾರಾಯ್ರೆ. ಅದು ಸದಸ್ಯರಿಗೆ, ಆಡಳಿತ ಮಂಡಳಿಗೆ, ನೌಕರರಿಗೆ ಸಹಕಾರದ ಪಾಠ ಹೇಳುವುದಕ್ಕೆ ಇರುವ ನಿಧಿ. ಅದೂ ಬೇಕಾದದ್ದೇ. ಆದರೆ ಅದನ್ನು ಕಟ್ಟಿದ ಮಾತ್ರಕ್ಕೆ ಊರಿನ ಮಗುವಿನ ಕೈಗೆ ಒಂದು ಪೆನ್ಸಿಲೂ ಬರುವುದಿಲ್ಲ.

ಮಕ್ಕಳ ಕೆಲಸದಲ್ಲಿ ಸಹಕಾರದ ಪಾಲು ಹೇಳುವಾಗ ಹಾಲಿನವರನ್ನು ಮರೆಯುವ ಹಾಗಿಲ್ಲ. 2013ರ ಆಗಸ್ಟ್ 1ರಂದು ರಾಜ್ಯ ಸರಕಾರ ಕ್ಷೀರಭಾಗ್ಯ ಯೋಜನೆ ಆರಂಭಿಸಿತು. ಶಾಲೆ, ಅಂಗನವಾಡಿಯ ಮಕ್ಕಳಿಗೆ ತಲಾ 150 ಮಿಲಿಲೀಟರ್ ಹಾಲು. ಹಾಲಿನ ಪುಡಿ ಒದಗಿಸಿದ್ದು ರೈತರ ಹಾಲು ಸಹಕಾರಿಗಳ ಮಹಾಮಂಡಳ. ಬೆಳಗ್ಗೆ ಡೈರಿಗೆ ಹಾಲು ಹಾಕುವವಳ ಮಗುವೇ ಹತ್ತು ಗಂಟೆಗೆ ಶಾಲೆಯಲ್ಲಿ ಲೋಟ ಹಿಡಿದು ನಿಲ್ಲುವುದು, ಇದು ಸಹಕಾರದ ಒಂದು ಪೂರ್ತಿ ಸುತ್ತು.

ಸರಕಾರದ ಬ್ಯಾಂಕಾದ ಮೇಲೆ

1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. 1980ರ ಏಪ್ರಿಲಿನಲ್ಲಿ ಕಾರ್ಪೊರೇಶನ್, ವಿಜಯಾ ಸೇರಿದವು. ಕರ್ಣಾಟಕ ಬ್ಯಾಂಕ್ ಖಾಸಗಿಯಾಗಿಯೇ ಉಳಿಯಿತು. ಸ್ಥಾಪಕರ ಮನೆಯ ಮಾತು ದೆಹಲಿಯ ಮಾತಾಯಿತು. ಹಾಗಂತ ಮಕ್ಕಳ ಕೆಲಸ ನಿಂತುಹೋಯಿತು ಎನ್ನುವುದು ಅನ್ಯಾಯವಾದೀತು. ಅದರ ರೂಪ ಬದಲಾಯಿತು.

1970ರ ದಶಕದಲ್ಲಿ ರಾಷ್ಟ್ರೀಯ ಉಳಿತಾಯ ಸಂಘಟನೆಯ ಸಂಚಯಿಕಾ ಶಾಲೆಗಳಿಗೆ ಬಂತು. ಶಾಲೆಯೊಳಗೇ ಮಕ್ಕಳ ಪುಟ್ಟ ಬ್ಯಾಂಕು, ಲೆಕ್ಕ ಬರೆಯುವವರೂ ಮಕ್ಕಳೇ. ಕೆನರಾ ಬ್ಯಾಂಕಿನಲ್ಲಿ ಜುಬಿಲಿಯ ಹೆಸರಿನಲ್ಲೇ ಬಡ ವಿದ್ಯಾರ್ಥಿಗಳಿಗಾಗಿ ಶಿಕ್ಷಣ ನಿಧಿಯೊಂದು ನಡೆದುಬಂತು. ಜುಬಿಲಿ ಎಂದರೆ ಚಪ್ಪರ, ಸನ್ಮಾನ, ಊಟ ಮಾತ್ರ ಅಲ್ಲ ಎಂಬುದಕ್ಕೆ ಇದೊಂದು ಮಾದರಿ. 2013-14ರಲ್ಲಿ ಅದೇ ಬ್ಯಾಂಕು ವಿದ್ಯಾಜ್ಯೋತಿ ಎಂಬ ಯೋಜನೆಯಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಹೆಣ್ಣುಮಕ್ಕಳಿಗೆ, ಐದರಿಂದ ಹತ್ತನೇ ತರಗತಿಯವರೆಗೆ, ವಿದ್ಯಾರ್ಥಿವೇತನ ಕೊಡತೊಡಗಿತು. ಶಾಖೆಯವರು ತಮ್ಮ ಸುತ್ತಿನ ಶಾಲೆಗಳಿಗೆ ಹೋಗಿ ಮಕ್ಕಳನ್ನು ಗುರುತಿಸುವ ಏರ್ಪಾಡು. 1894ರ ಹೆಣ್ಣುಮಕ್ಕಳ ಶಾಲೆಗೂ ಇದಕ್ಕೂ ನಡುವೆ ನೂರಿಪ್ಪತ್ತು ವರ್ಷ. ದಾರ ಮಾತ್ರ ಅದೇ.

ದೊಡ್ಡ ಮಕ್ಕಳ ವಿಷಯಕ್ಕೆ ಬಂದರೆ, ಇಂದು ಎಲ್ಲರ ಬಾಯಲ್ಲಿರುವ ಶಿಕ್ಷಣ ಸಾಲದ ಮಾದರಿ ಯೋಜನೆ ರೂಪುಗೊಂಡದ್ದು 2001ರಲ್ಲಿ. ಅದನ್ನು ರೂಪಿಸಿದ ಅಧ್ಯಯನ ತಂಡದ ಅಧ್ಯಕ್ಷರು ಕೆನರಾ ಬ್ಯಾಂಕಿನ ಅಂದಿನ ಮುಖ್ಯಸ್ಥರಾದ ಆರ್.ಜೆ. ಕಾಮತ್. ನಾಲ್ಕು ಲಕ್ಷದವರೆಗೆ ಅಡಮಾನ ಬೇಡ ಎಂಬ ಮಾತು ಬಂದದ್ದು ಅದರಲ್ಲೇ. ಹೊಲದ ಪಹಣಿ ಇಲ್ಲದವನ ಮಗನೂ ಇಂಜಿನಿಯರಿಂಗಿಗೆ ಅರ್ಜಿ ಹಾಕಬಹುದಾಯಿತು. 2009ರಿಂದ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿನ ಆದಾಯದ ಮನೆಯ ಮಕ್ಕಳಿಗೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರ ಭರಿಸುವ ಯೋಜನೆ ಬಂದಾಗ, ಅದರ ನೋಡಲ್ ಬ್ಯಾಂಕಾಗಿ ಕೆಲಸ ಮಾಡಿದ್ದೂ ಕೆನರಾ ಬ್ಯಾಂಕೇ. 2014ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು ಎಂದಿತು. ಅಪ್ಪನ ಸಹಿಯಿಲ್ಲದೆ ಮಗುವಿನ ಸಹಿಗೂ ಬೆಲೆ ಬಂತು.

ಆದರೂ ಒಂದು ವ್ಯತ್ಯಾಸ ಗಮನಿಸಬೇಕು. ಈಗ ಬ್ಯಾಂಕುಗಳು ದಾನ ಕೊಡಲು ಮಿತಿ ಉಂಟು. ಹಿಂದಿನ ವರ್ಷದ ಪ್ರಕಟಿತ ಲಾಭದ ಶೇಕಡ 1ನ್ನು ಮೀರುವ ಹಾಗಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ಕಟ್ಟಳೆ. ಠೇವಣಿದಾರನ ಹಣ ಕಾಯುವುದಕ್ಕೆ ಅಂಥ ಕಟ್ಟಳೆ ಬೇಕು, ತಪ್ಪಲ್ಲ. ಆದರೆ ಸುಬ್ಬರಾವ್ ಪೈಗಳ ಪಟ್ಟಿಯಲ್ಲಿ ಮೊದಲಿದ್ದ ವಿದ್ಯೆ, ಲಾಭದ ಕೊನೆಯ ಒಂದಂಶದ ಜಾಗಕ್ಕೆ ಬಂದು ಕೂತದ್ದೂ ನಿಜ.

ಬೋರ್ಡು ಇಳಿಯಿತು, ಶಾಲೆ ಉಳಿಯಿತು

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ಸೇರಿತು. ಮರುವರ್ಷ ಅದೇ ದಿನ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿದವು. ಗ್ರಾಮೀಣ ಬ್ಯಾಂಕುಗಳೂ ಒಂದೊಂದಾಗಿ ಕೂಡುತ್ತಾ ಬಂದು, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯಿರುವ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕು ಉಳಿಯಿತು. ನಮ್ಮ ಪೇಟೆಯಲ್ಲಿ ಬೋರ್ಡುಗಳು ಇಳಿದ ದಿನ ಹಿರಿಯರು ಕೆಲವರು ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ ನಿಂತು ನೋಡಿದರು.

ನಮಗೂ ಬೇಸರವಾದದ್ದು ನಿಜ. ಆದರೆ ಈ ಲೇಖನಕ್ಕಾಗಿ ಎಲ್ಲವನ್ನೂ ಒಟ್ಟು ಮಾಡಿ ನೋಡಿದಾಗ ಬೇರೆಯೇ ಒಂದು ಯೋಚನೆ ಬಂತು. ಹಾಜಿ ಸಾಹೇಬರ ಬ್ಯಾಂಕಿನ ಹೆಸರು ಹೋಯಿತು, ಮಕ್ಕಳ ಆಸ್ಪತ್ರೆಯಲ್ಲಿ ಅವರ ಹೆಸರು ಉಳಿಯಿತು. ಸಿಂಡಿಕೇಟ್ ಹೋಯಿತು, ಮಣಿಪಾಲದ ಅಕಾಡೆಮಿ ಉಳಿಯಿತು. ಬ್ಯಾಂಕು ಕಟ್ಟಿದವರ ಕೆಲಸದಲ್ಲಿ ಯಾರೂ ವಿಲೀನ ಮಾಡಲಾಗದೆ ಉಳಿದದ್ದು ಮಕ್ಕಳಿಗಾಗಿ ಮಾಡಿದ ಪಾಲು.

ಈಗ ನಮ್ಮ ಮನೆಯ ಲೆಕ್ಕ

ಇಷ್ಟು ಬರೆದ ಮೇಲೆ ನಮ್ಮ ಸಂಘದ ಕಡೆಗೆ ತಿರುಗದಿದ್ದರೆ ಅದು ಪ್ರಾಮಾಣಿಕತೆ ಅಲ್ಲ. ಇಪ್ಪತ್ತೈದು ವರ್ಷದಲ್ಲಿ ನಾವೂ ಮಕ್ಕಳಿಗೆ ಪುಸ್ತಕ ಹಂಚಿದ್ದೇವೆ, ಪ್ರತಿಭಾ ಪುರಸ್ಕಾರ ಕೊಟ್ಟಿದ್ದೇವೆ. ಫೋಟೋಗಳು ಈ ಸಂಚಿಕೆಯಲ್ಲೇ ಇವೆ. ಆದರೆ ಫೋಟೋದಲ್ಲಿ ಇಲ್ಲದ ಒಂದು ಸಂಗತಿಯನ್ನೂ ಚರಿತ್ರೆಗೆ ಸೇರಿಸಬೇಕು.

ಕೆಲವು ವರ್ಷಗಳ ಹಿಂದೆ ಸುಸ್ತಿ ಬಾಕಿ ಏರಿದಾಗ ಆಡಳಿತ ಮಂಡಳಿಯಲ್ಲಿ ಒಂದು ನಿರ್ಣಯ ಮಾಡಿದೆವು. ಸುಸ್ತಿದಾರ ಸದಸ್ಯರ ಮಕ್ಕಳಿಗೆ ಪುಸ್ತಕ, ಪುರಸ್ಕಾರ ಇಲ್ಲ. ಆ ಸಭೆಯಲ್ಲಿ ನಾವೂ ಇದ್ದೆವು, ನಾವೂ ಕೈ ಎತ್ತಿದೆವು. ಮಗುವಿನ ಮುಖ ನೋಡಿಯಾದರೂ ಅಪ್ಪ ಬಂದು ಕಟ್ಟಿಯಾನು ಎಂಬ ಆಲೋಚನೆ. ಮಹಾಸಭೆಯ ದಿನ, ಏಳನೆಯ ತರಗತಿಯಲ್ಲಿ ಶಾಲೆಗೇ ಮೊದಲು ಬಂದ ಹುಡುಗಿ ಗೆಳತಿಯರ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಎರಡನೆಯವಳ ಹೆಸರು ಕರೆದರು, ಮೂರನೆಯವಳ ಹೆಸರು ಕರೆದರು. ಇವಳ ಹೆಸರು ಬರಲಿಲ್ಲ. ಅವಳು ಎದ್ದು ಹೋಗಲಿಲ್ಲ, ಅಳಲೂ ಇಲ್ಲ. ಬೇರೆಯವರಿಗೆಲ್ಲ ಚಪ್ಪಾಳೆ ತಟ್ಟುತ್ತಾ ಕೊನೆಯವರೆಗೂ ಕೂತಿದ್ದಳು. ಮರುದಿನ ತಾಯಿ ಕೌಂಟರಿಗೆ ಬಂದು ಬಡ್ಡಿಗೆ ಅಂತ ಸ್ವಲ್ಪ ಹಣ ಕಟ್ಟಿ, ರಶೀದಿ ಮಡಚುತ್ತಾ ಒಂದೇ ಮಾತು ಕೇಳಿದರು: "ಸಾಲ ನಮ್ಮದು ಹೌದು. ಮಾರ್ಕು ಅವಳದ್ದಲ್ವಾ?"

ನಮ್ಮಲ್ಲಿ ಯಾರಿಗೂ ಉತ್ತರ ಬರಲಿಲ್ಲ. ಇಂದಿಗೂ ಬಂದಿಲ್ಲ. ಆಮೇಲೆ ಆ ನಿರ್ಣಯವನ್ನು ಪಾಲಿಸುವುದನ್ನು ಬಿಟ್ಟೆವು, ಆದರೆ ರದ್ದು ಮಾಡಿಲ್ಲ. ನಿರ್ಣಯ ಪುಸ್ತಕದಲ್ಲಿ ಅದು ಹಾಗೇ ಉಂಟು. ನಾಳೆ ಬೇರೆ ಮಂಡಳಿ ಬಂದರೆ ಅದನ್ನು ತೆಗೆದು ತೋರಿಸಬಹುದು.

ಸಾಲಕ್ಕೆ ಜಾಮೀನು ಬೇಕು, ವಸೂಲಿ ಆಗಬೇಕು. ವಸೂಲಿಯಾಗದ ಸಂಘ ಮಕ್ಕಳಿಗೂ ಏನೂ ಮಾಡಲಾರದು. ಇದರಲ್ಲಿ ಎರಡು ಮಾತಿಲ್ಲ. ಆದರೆ ಮಗು ಅಪ್ಪನ ಸಾಲಕ್ಕೆ ಜಾಮೀನುದಾರ ಅಲ್ಲ. ಬೆಳ್ಳಿಹಬ್ಬದ ಮಹಾಸಭೆಯಲ್ಲಿ ನಾವು ಮುಂದಿಡಬೇಕೆಂದಿರುವುದು ನಾಲ್ಕೇ ಮಾತು. ಒಂದು, ಆ ನಿರ್ಣಯವನ್ನು ಸದಸ್ಯರೆಲ್ಲರ ಎದುರಿಗೆ ರದ್ದು ಮಾಡುವುದು. ಎರಡು, ಉಳಿದರೆ ಕೊಡುವುದು ಎಂಬ ಪದ್ಧತಿ ಬಿಟ್ಟು, ಕಾಯ್ದೆಯೊಳಗೆ ಎಷ್ಟು ಸಾಧ್ಯವೋ ಅಷ್ಟನ್ನು ಲಾಭ ವಿಂಗಡಣೆಯಲ್ಲೇ ಮಕ್ಕಳ ಪಾಲು ಎಂದು ಬರೆಯುವುದು. ಮೂರು, ಸೆಪ್ಟೆಂಬರಿನ ಮಹಾಸಭೆಯ ವೇದಿಕೆಯಲ್ಲಿ ಕೊಡುವ ಪುಸ್ತಕವನ್ನು ಜೂನ್ ಮೊದಲ ವಾರ ಶಾಲೆಯಲ್ಲೇ ಕೊಡುವುದು. ಮೂರು ತಿಂಗಳು ಕಳೆದ ಮೇಲೆ ಬರುವ ಪುಸ್ತಕ ಫೋಟೋಕ್ಕೆ ಮಾತ್ರ ಉಪಯೋಗ. ನಾಲ್ಕು, ಹತ್ತು ದಾಟಿದ ಪ್ರತಿ ಮಗುವಿಗೂ ಅದರದೇ ಹೆಸರಿನ ಪಾಸ್‌ಬುಕ್ಕು. ಅದನ್ನು ಮಗುವಿನ ಕೈಯಲ್ಲೇ ಕೊಡಬೇಕು.

ಇದಕ್ಕೆ ಭಾರಿ ಹ��ವೇನೂ ಬೇಡ. 38 ರೂಪಾಯಿಯಿಂದ, ಎರಡಾಣೆಯಿಂದ ಶುರು ಮಾಡಿದವರ ಜಿಲ್ಲೆಯವರು ನಾವು. ಆ ಹುಡುಗಿ ಈಗ ಎಲ್ಲೋ ಓದುತ್ತಿದ್ದಾಳೆ ಎಂದು ಕೇಳಿದ್ದೇವೆ. ಅವಳಿಗೆ ಕೊಡಬೇಕಾಗಿದ್ದ ಪುರಸ್ಕಾರ ನಮ್ಮ ಪುಸ್ತಕದಲ್ಲಿ ಇನ್ನೂ ಬಾಕಿ ಉಂಟು. ಸುಸ್ತಿದಾರರ ಪಟ್ಟಿ ಓದುವಾಗ ಈ ಬಾಕಿಯನ್ನೂ ಓದಬೇಕು, ಅದರ ಮುಂದೆ ಸಂಘದ ಹೆಸರನ್ನೇ ಬರೆಯಬೇಕು.

ಸಂಘವು ಸುವರ್ಣ ಮಹೋತ್ಸವವನ್ನೂ ಶತಮಾನೋತ್ಸವವನ್ನೂ ಕಾಣಲಿ. ಆಗ ಚರಿತ್ರೆ ಬರೆಯುವವರಿಗೆ ನಮ್ಮ ಬೋರ್ಡು ಸಿಗಲಿ ಸಿಗದಿರಲಿ, ನಮ್ಮಿಂದ ಓದಿದ ಮಕ್ಕಳು ಸಿಗಲಿ ಎಂದು ಹಾರೈಸುತ್ತೇವೆ.